ತ್ಸೆತ್ಸೆ ನೊಣ ಮತ್ತು ದನಗಳ ನಗಾನಾ ರೋಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಜಾಂಬಿಯದ ಪಶುಪಾಲನಾ ಯೋಜನೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ರಕ್ತ ಹೀರುವ ತ್ಸೆತ್ಸೆ ನೊಣದ ಕಡಿತದಿಂದ ಹರಡುವ ನಗಾನಾ ರೋಗ ತಗಲಿದ ದನಗಳಿಗೆ ಡಿಮಿನಜೀನ್ ಚುಚ್ಚುಮದ್ದು ಕೊಡುತ್ತೇವೆ. ಸ್ವಲ್ಪ ಕಾಲ ಚೇತರಿಸಿಕೊಂಡ ದನ ಮತ್ತೆ ಸೊರಗುತ್ತದೆ. ಔಷಧವೇ ಕೆಲಸ ಮಾಡುತ್ತಿಲ್ಲವೆ?

ಉತ್ತರ: ಇಲ್ಲಿ ಎರಡು ಸಾಧ್ಯತೆಗಳಿವೆ, ಅವನ್ನು ಬೆರೆಸಬಾರದು. ಡಿಮಿನಜೀನ್ ರಕ್ತದಲ್ಲಿ ಆಗಲೇ ಇರುವ ಟ್ರಿಪನೊಸೋಮಗಳನ್ನು, ಅಂದರೆ ಈ ರೋಗ ತರುವ ಏಕಕೋಶ ಪರೋಪಜೀವಿಗಳನ್ನು, ಕೊಲ್ಲುತ್ತದೆಯೇ ಹೊರತು ಮುಂದಿನ ಕಡಿತಗಳಿಂದ ಹೆಚ್ಚು ದಿನ ಕಾಪಾಡುವುದಿಲ್ಲ. ಆದ್ದರಿಂದ ನೊಣ ದಟ್ಟವಾಗಿರುವ ಕಡೆ ಸಂಪೂರ್ಣ ಗುಣವಾದ ದನಕ್ಕೂ ಹೊಸ ಸೋಂಕು ತಗಲುತ್ತದೆ. ಚುಚ್ಚುಮದ್ದು ಕೊಟ್ಟ ಸುಮಾರು ಎರಡು ವಾರದೊಳಗೇ ರಕ್ತದಲ್ಲಿ ಪರೋಪಜೀವಿ ಕಾಣಿಸಿಕೊಂಡರೆ ಅದು ಔಷಧಕ್ಕೆ ಬಗ್ಗದ ತಳಿ ಎಂದು ಬಲವಾಗಿ ಶಂಕಿಸಬೇಕಾಗುತ್ತದೆ.

ಇಂಥ ತಳಿಗಳು ಬೆಳೆಯಲು ಮುಖ್ಯ ಕಾರಣ ಕಡಿಮೆ ಪ್ರಮಾಣದಲ್ಲಿ ಔಷಧ ಕೊಡುವುದು. ಡಿಮಿನಜೀನನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ 3.5 ಮಿಲಿಗ್ರಾಂನಂತೆ ಕೊಡಬೇಕೆಂಬುದು ನಿಯಮ. ತೂಕವನ್ನು ಕಣ್ಣಂದಾಜಿನಲ್ಲಿ ಹೇಳುವವರು ದೊಡ್ಡ ಎತ್ತಿನ ತೂಕವನ್ನು ಕಡಿಮೆ ಹೇಳಿ, ಸಾಯಬೇಕಾದ ಪರೋಪಜೀವಿಗಳನ್ನು ಉಳಿಸಿಬಿಡುತ್ತಾರೆ. ಎದೆಯ ಸುತ್ತಳತೆ ಅಳೆಯುವ ಪಟ್ಟಿಯೊಂದಿದ್ದರೆ ಈ ತಪ್ಪು ಬಹುಮಟ್ಟಿಗೆ ತಪ್ಪುತ್ತದೆ. ಐಸೊಮೆಟಮಿಡಿಯಂ ಎಂಬ ಇನ್ನೊಂದು ಔಷಧ ಎರಡರಿಂದ ನಾಲ್ಕು ತಿಂಗಳು ರಕ್ಷಣೆ ನೀಡುತ್ತದೆ. ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೆ ಬಗ್ಗುವ ಸಾಧ್ಯತೆ ಇರುವುದರಿಂದ ಪಶುವೈದ್ಯರು ಈ ಎರಡನ್ನೂ ಜೋಡಿಯಾಗಿ, ಒಂದರ ನಂತರ ಒಂದರಂತೆ ಬಳಸುತ್ತಾರೆ. ಜ್ವರ, ರಕ್ತಹೀನತೆ, ಸೊರಗುವಿಕೆ ಇವು ಉಣ್ಣಿಗಳಿಂದ ಬರುವ ರೋಗಗಳಲ್ಲೂ ಕಾಣುವ ಲಕ್ಷಣಗಳಾದ್ದರಿಂದ ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡದೆ ಚಿಕಿತ್ಸೆ ಆರಂಭಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಔಷಧ ದನವನ್ನು ಉಳಿಸುತ್ತದೆ, ಪ್ರದೇಶವನ್ನು ರೋಗಮುಕ್ತ ಮಾಡುವುದಿಲ್ಲ. ಅದಕ್ಕೆ ನೊಣದ ಕಡೆಗೇ ತಿರುಗಬೇಕು.

ಪ್ರಶ್ನೆ: ಇಷ್ಟು ಹಳೆಯ ರೋಗಕ್ಕೆ ಲಸಿಕೆ ಏಕಿಲ್ಲ?

ಉತ್ತರ: ಟ್ರಿಪನೊಸೋಮದ ಮೈಮೇಲೆ ಪ್ರೋಟೀನಿನ ಹೊದಿಕೆಯೊಂದಿದೆ. ದನದ ದೇಹ ಅದನ್ನು ಗುರುತಿಸಿ ಪ್ರತಿಕಾಯ ತಯಾರಿಸುವಷ್ಟರಲ್ಲಿ ಕೆಲವು ಪರೋಪಜೀವಿಗಳು ಅಂಗಿ ಬದಲಿಸಿದಂತೆ ಹೊದಿಕೆಯನ್ನು ಬದಲಿಸಿಕೊಂಡಿರುತ್ತವೆ, ಮತ್ತು ಇಂಥ ಬದಲಾವಣೆಗೆ ಬೇಕಾದ ವಂಶವಾಹಿಗಳು ಅವುಗಳಲ್ಲಿ ಸಾವಿರಕ್ಕೂ ಹೆಚ್ಚು. ಹೀಗಾಗಿ ಬಳಕೆಗೆ ಯೋಗ್ಯವಾದ ಲಸಿಕೆ ಈವರೆಗೆ ಬಂದಿಲ್ಲ.

ಪ್ರಶ್ನೆ: ಸಹಾರಾದ ದಕ್ಷಿಣಕ್ಕೆ ಸುಮಾರು ಒಂದು ಕೋಟಿ ಚದರ ಕಿಲೋಮೀಟರ್ ಪ್ರದೇಶದಲ್ಲಿ ಹರಡಿರುವ ನೊಣವನ್ನು ಹತ್ತಿಕ್ಕಲು ನಿಜವಾಗಿ ಸಾಧ್ಯವೆ?

ಉತ್ತರ: ಒಂದೇ ಏಟಿಗೆ ಸಾಧ್ಯವಿಲ್ಲ, ಪ್ರದೇಶದಿಂದ ಪ್ರದೇಶಕ್ಕೆ ಸಾಧ್ಯವಿದೆ. ಈ ನಂಬಿಕೆಗೆ ಆಧಾರ ನೊಣದ ಸಂತಾನಕ್ರಮವೇ ಆಗಿದೆ. ಮನೆನೊಣದಂತೆ ತ್ಸೆತ್ಸೆ ನೂರಾರು ಮೊಟ್ಟೆ ಇಡುವುದಿಲ್ಲ. ಹೆಣ್ಣು ನೊಣ ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಹೊಟ್ಟೆಯಲ್ಲೇ ಬೆಳೆಸಿ, ಸುಮಾರು ಒಂಬತ್ತು ಹತ್ತು ದಿನಕ್ಕೊಮ್ಮೆ ನೆರಳಿನ ಮಣ್ಣಿನಲ್ಲಿ ಹೆರುತ್ತದೆ. ಕೀಟಲೋಕದಲ್ಲಿ ಇಷ್ಟು ನಿಧಾನವಾಗಿ ವೃದ್ಧಿಯಾಗುವ ಜೀವಿಗಳು ವಿರಳ. ಆದ್ದರಿಂದ ಹೊರಗಿನಿಂದ ನೊಣ ಬಾರದಂತಿರುವ ಕಡೆ, ದಿನವೂ ತಪ್ಪದೆ ನೂರರಲ್ಲಿ ನಾಲ್ಕೈದು ಹೆಣ್ಣು ನೊಣಗಳು ಹೆಚ್ಚುವರಿಯಾಗಿ ಸಾಯುವಂತೆ ನೋಡಿಕೊಂಡರೂ ಆ ಸಂತತಿ ಕ್ರಮೇಣ ಅಳಿಯುತ್ತದೆ.

ಜಿಂಬಾಬ್ವೆಯಲ್ಲಿ ನಡೆದ ದೀರ್ಘ ಸಂಶೋಧನೆಯಿಂದ ರೂಪುಗೊಂಡ ವಿಧಾನ ಇದನ್ನೇ ಆಧರಿಸಿದೆ. ನೀಲಿ ಮತ್ತು ಕಪ್ಪು ಬಣ್ಣ ತ್ಸೆತ್ಸೆಯನ್ನು ಸೆಳೆಯುತ್ತವೆ. ಹಸುವಿನ ಉಸಿರಿನಲ್ಲಿರುವ ಅಸಿಟೋನ್, ಆಕ್ಟಿನಾಲ್‌ಗಳ ವಾಸನೆಯೂ ಹಾಗೆಯೇ. ಕೀಟನಾಶಕದಲ್ಲಿ ಅದ್ದಿದ ಬಟ್ಟೆಯ ಪರದೆಗಳನ್ನು ಇಂಥ ವಾಸನೆಯೊಂದಿಗೆ ಚದರ ಕಿಲೋಮೀಟರಿಗೆ ನಾಲ್ಕರಂತೆ ನಿಲ್ಲಿಸಿದರೆ ಬಯಲುಸೀಮೆಯ ತ್ಸೆತ್ಸೆ ಜಾತಿಗಳಿಗೆ ಸಾಕಾಗುತ್ತದೆ. ನದಿತೀರದ ಜಾತಿಗಳು ವಾಸನೆಗೆ ಅಷ್ಟಾಗಿ ಒಲಿಯುವುದಿಲ್ಲವಾದ್ದರಿಂದ ಅಲ್ಲಿ ಚಿಕ್ಕ ಪರದೆಗಳನ್ನು ದಡದುದ್ದಕ್ಕೂ ಒತ್ತಾಗಿ ನಿಲ್ಲಿಸಬೇಕು.

ದನಗಳಿರುವ ಊರುಗಳಿಗೆ ಇದಕ್ಕಿಂತ ಅಗ್ಗದ ದಾರಿಯೆಂದರೆ ದನವನ್ನೇ ಪರದೆಯನ್ನಾಗಿಸುವುದು. ತ್ಸೆತ್ಸೆ ಬಹುಪಾಲು ದೊಡ್ಡ ದನಗಳ ಕಾಲು ಮತ್ತು ಹೊಟ್ಟೆಯ ಭಾಗಕ್ಕೇ ಎರಗುತ್ತದೆ. ಅಲ್ಲಿಗೆ ಮಾತ್ರ ಡೆಲ್ಟಾಮೆಥ್ರಿನ್‌ನಂಥ ಕೀಟನಾಶಕ ಸಿಂಪಡಿಸಿದರೆ ಖರ್ಚು ಬಹಳ ಇಳಿಯುತ್ತದೆ, ಸಗಣಿ ತಿನ್ನುವ ಜೀರುಂಡೆಗಳಿಗೆ ಹಾನಿಯೂ ಕಡಿಮೆಯಾಗುತ್ತದೆ. ಕರುಗಳನ್ನು ಬಿಟ್ಟುಬಿಡುವುದು ಒಳ್ಳೆಯದು, ಏಕೆಂದರೆ ಎಳೆಯ ವಯಸ್ಸಿನಲ್ಲಿ ಉಣ್ಣಿ ಕಚ್ಚಿಸಿಕೊಂಡ ಕರುಗಳಲ್ಲಿ ಉಣ್ಣಿರೋಗಗಳ ವಿರುದ್ಧ ನಿರೋಧಶಕ್ತಿ ಬೆಳೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಸಾಮಾನ್ಯ ರೈತರು ಸ್ವಂತವಾಗಿ ಮುಂದುವರಿಸಬಹುದಾದ ವಿಧಾನ ಇದೊಂದೇ. ಆದರೆ ಒಬ್ಬನ ಹಿಂಡಿಗೆ ಸಿಂಪಡಿಸಿ ಪಕ್ಕದ ಹಿಂಡುಗಳನ್ನು ಬಿಟ್ಟರೆ ಅದರಿಂದ ಪ್ರಯೋಜನವಿಲ್ಲ.

ಸಂಪೂರ್ಣ ನಿರ್ಮೂಲನೆಯ ಪ್ರಸಿದ್ಧ ಉದಾಹರಣೆ ಜಾಂಜಿಬಾರಿನ ಉಂಗುಜಾ ದ್ವೀಪ. ಅಲ್ಲಿ ಮೊದಲು ದನಗಳಿಗೆ ಕೀಟನಾಶಕ ಬಳಸಿ ನೊಣಗಳ ಸಂಖ್ಯೆಯನ್ನು ತಗ್ಗಿಸಲಾಯಿತು. 1994ರಿಂದ ವಿಕಿರಣದಿಂದ ಬಂಜೆ ಮಾಡಿದ ಗಂಡು ನೊಣಗಳನ್ನು ವಿಮಾನದಿಂದ ಬಿಡಲಾಯಿತು. ಹೆಣ್ಣು ನೊಣ ಸಾಮಾನ್ಯವಾಗಿ ಒಮ್ಮೆ ಮಾತ್ರ ಕೂಡುವುದರಿಂದ ಬಂಜೆ ಗಂಡಿನೊಡನೆ ಕೂಡಿದ್ದಕ್ಕೆ ಸಂತಾನವೇ ಇರುವುದಿಲ್ಲ. 1997ರಲ್ಲಿ ದ್ವೀಪ ತ್ಸೆತ್ಸೆಮುಕ್ತವೆಂದು ಘೋಷಿತವಾಯಿತು. ಸುತ್ತ ಸಮುದ್ರವಿದ್ದದ್ದು ಅಲ್ಲಿನ ಅನುಕೂಲ. ಹಾಗೆಂದು ಸಮುದ್ರವನ್ನೇ ನಂಬಿ ಕೂರುವಂತಿಲ್ಲ: 1914ರಲ್ಲಿ ನೊಣಮುಕ್ತವಾಗಿದ್ದ ಪ್ರಿನ್ಸಿಪೆ ದ್ವೀಪದಲ್ಲಿ 1956ರಲ್ಲಿ ತ್ಸೆತ್ಸೆ ಮರಳಿ ಕಾಣಿಸಿತು. ಮುಖ್ಯಭೂಮಿಯಲ್ಲಿ ಗಡಿಯ ಕಾವಲು ಇನ್ನಷ್ಟು ಕಠಿಣ, ಮತ್ತು ಹಣ ನಿಂತ ದಿನವೇ ನೊಣ ಹಿಂದಿರುಗಲು ತೊಡಗುತ್ತದೆ.

ಪ್ರಶ್ನೆ: ಈ ರೋಗ ತಡೆದುಕೊಳ್ಳುವ ದನದ ತಳಿಯಿದೆ ಎಂದು ಕೇಳಿದ್ದೇನೆ. ಅದನ್ನೇ ಸಾಕಬಾರದೆ?

ಉತ್ತರ: ಪಶ್ಚಿಮ ಆಫ್ರಿಕದ ಎನ್‌ಡಾಮ ತಳಿ ಸೋಂಕು ತಗಲಿದರೂ ಪರೋಪಜೀವಿಗಳನ್ನು ಹತೋಟಿಯಲ್ಲಿಟ್ಟು, ರಕ್ತಹೀನತೆಗೆ ಸುಲಭವಾಗಿ ಬಲಿಯಾಗದೆ ಬದುಕುತ್ತದೆ. ಆದರೆ ಅದು ಗಾತ್ರದಲ್ಲಿ ಚಿಕ್ಕದು, ಹಾಲೂ ಕಡಿಮೆ. ಭಾರಿ ಮೈಕಟ್ಟಿನ ಜೆಬು ದನಕ್ಕೆ ಒಗ್ಗಿದ ರೈತರು ಒಪ್ಪುವುದು ಕಷ್ಟ. ಮೇವಿನ ಕೊರತೆಯಾದಾಗ, ವಿಪರೀತ ದುಡಿಸಿದಾಗ ಅದರ ಸಹನಶಕ್ತಿಯೂ ಕುಂದುತ್ತದೆ.

ಪ್ರಶ್ನೆ: ದನದಿಂದ ಮನುಷ್ಯರಿಗೂ ಹರಡುತ್ತದೆಯೆ?

ಉತ್ತರ: ನಗಾನಾ ತರುವ ಮುಖ್ಯ ಪ್ರಭೇದಗಳು ಮನುಷ್ಯರನ್ನು ಕಾಡುವುದಿಲ್ಲ. ಆದರೆ ಮನುಷ್ಯರಿಗೆ ತಗಲುವ ಪೂರ್ವ ಆಫ್ರಿಕದ ನಿದ್ರಾರೋಗಕ್ಕೆ ಕಾರಣವಾದ ರೊಡೇಸಿಯೆನ್ಸ್ ಎಂಬ ಟ್ರಿಪನೊಸೋಮ ಉಪಪ್ರಭೇದ ದನಗಳಲ್ಲಿ ಅಡಗಿರಬಲ್ಲದು, ದನದ ರಕ್ತ ಹೀರಿದ ನೊಣ ಅದನ್ನು ಮನುಷ್ಯರಿಗೆ ದಾಟಿಸುತ್ತದೆ. ಉಗಾಂಡದ ಸೊರೊಟಿಯಲ್ಲಿ 1998ರಲ್ಲಿ ಕಾಣಿಸಿಕೊಂಡ ನಿದ್ರಾರೋಗಕ್ಕೂ ಸೋಂಕಿತ ಪ್ರದೇಶದಿಂದ ಸಂತೆಗೆ ಬಂದ ದನಗಳಿಗೂ ನಂಟಿತ್ತು. ಉಗಾಂಡದಲ್ಲಿ 2006ರಲ್ಲಿ ಆರಂಭವಾದ ಅಭಿಯಾನದಲ್ಲಿ ದನಗಳಿಗೆ ಔಷಧ ಕೊಟ್ಟು, ಜೊತೆಗೆ ಕಾಲು ಹೊಟ್ಟೆಗಳಿಗೆ ಕೀಟನಾಶಕ ಸಿಂಪಡಿಸಲಾಯಿತು. ದನವನ್ನು ಒಂದು ಸೀಮೆಯಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುವ ಮುನ್ನ ಚಿಕಿತ್ಸೆ ಕೊಡಿಸುವುದನ್ನು ಕಡ್ಡಾಯ ಮಾಡಬೇಕು, ಮಾಡಿದ ಮೇಲೆ ಸಂತೆಯಲ್ಲಿ ಅದನ್ನು ನಿಜವಾಗಿ ಪರಿಶೀಲಿಸಬೇಕು.