ಚಪ್ಪಾಳೆ ತಟ್ಟುವ ಮೊದಲು ಅಕ್ಕಪಕ್ಕ ನೋಡಿದ ದಿನ

ಭಾರತ–ಪಾಕಿಸ್ತಾನ ಪಂದ್ಯ ಬಂತೆಂದರೆ ಮನೆಯಲ್ಲೂ ವಾಟ್ಸಾಪ್ ಗುಂಪಿನಲ್ಲೂ ಆಟದ ಮಾತು ನಿಂತು ರಾಜಕೀಯದ ಜಗಳ ಶುರುವಾಗುತ್ತದೆ, ಚಿಕ್ಕಂದಿನಿಂದ ಹಚ್ಚಿಕೊಂಡ ಕ್ರಿಕೆಟ್ಟೇ ಬೇಡವೆನಿಸುತ್ತಿದೆ, ಬೇರೆಯವರಿಗೂ ಹೀಗಾಗಿದೆಯೇ, ಆಗಿದ್ದರೆ ಏನು ಮಾಡಿದಿರಿ ಎಂದು ನೀವು ಕೇಳಿದ್ದೀರಿ. ನನಗೂ ಆಗಿದೆ. ಎರಡು ವರ್ಷ ನಾನು ಈ ಎರಡು ತಂಡಗಳ ಪಂದ್ಯ ನೋಡುವುದನ್ನೇ ಬಿಟ್ಟಿದ್ದೆ. ಆಗ ಏನನ್ನು ಕಳೆದುಕೊಂಡೆ ಎಂಬುದು ತಿಳಿಯಲು ಬಹಳ ಕಾಲ ಹಿಡಿಯಿತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನನ್ನ ಹವ್ಯಾಸ ಆಟ ನೋಡುವುದಷ್ಟೇ ಅಲ್ಲ, ಆಡುವಾಗಲೇ ಸ್ಕೋರ್ ಬರೆಯುವುದು. ಪ್ರತಿ ಎಸೆತಕ್ಕೂ ಒಂದು ಗುರುತು: ರನ್ ಇಲ್ಲದಿದ್ದರೆ ಚುಕ್ಕಿ, ಇದ್ದರೆ ಅಂಕಿ, ವಿಕೆಟ್ ಬಿದ್ದರೆ ಡಬ್ಲ್ಯು. ಇದನ್ನು ಕಲಿಸಿದವರು ನನ್ನ ತಂದೆ. 1987ರ ಮಾರ್ಚ್‌ನಲ್ಲಿ, ನನಗೆ ಹನ್ನೆರಡು ವರ್ಷವಾಗಿದ್ದಾಗ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ ಸರಣಿಯ ಐದನೆಯ ಟೆಸ್ಟ್ ನಡೆಯಿತು. ಮೊದಲ ನಾಲ್ಕೂ ಪಂದ್ಯಗಳು ಡ್ರಾ ಆಗಿದ್ದವು. ಚೆಂಡು ವಿಪರೀತ ತಿರುಗುತ್ತಿದ್ದ ಆ ಪಿಚ್‌ನಲ್ಲಿ ಮಣಿಂದರ್ ಸಿಂಗ್ 27 ರನ್ನಿಗೆ ಏಳು ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಮುಗಿಸಿದರು. ಭಾರತ 145 ಗಳಿಸಿತು. ಎರಡನೆಯ ಇನಿಂಗ್ಸ್‌ನಲ್ಲಿ ಪಾಕಿಸ್ತಾನ 249 ಮಾಡಿದ ಮೇಲೆ ನಮಗೆ ಬೇಕಾದದ್ದು 221. ನಾವು ರೇಡಿಯೊ ಮುಂದೆ ಕುಳಿತಿದ್ದೆವು. ಗವಾಸ್ಕರ್ ಐದು ಗಂಟೆಗೂ ಹೆಚ್ಚು ಕಾಲ ನಿಂತು 96ಕ್ಕೆ ಔಟಾದರು. ಅದು ಅವರ ಕೊನೆಯ ಟೆಸ್ಟ್ ಇನಿಂಗ್ಸ್. ಕೊನೆಗೆ ನಮ್ಮ ಬೆಂಗಳೂರಿನವರೇ ಆದ ರೋಜರ್ ಬಿನ್ನಿ ಔಟಾದಾಗ ಭಾರತ 204ರಲ್ಲಿತ್ತು. ಹದಿನಾರು ರನ್ನಿನ ಸೋಲು. ಇಕ್ಬಾಲ್ ಖಾಸಿಂ ಮತ್ತು ತೌಸೀಫ್ ಅಹಮದ್ ಆ ಪಂದ್ಯದಲ್ಲಿ ತಲಾ ಒಂಬತ್ತು ವಿಕೆಟ್ ಪಡೆದಿದ್ದರು. ನಾನು ಅಳುತ್ತಿದ್ದೆ. ಅಪ್ಪ ಪೆನ್ಸಿಲ್ಲನ್ನು ನನ್ನ ಕೈಗೆ ಕೊಟ್ಟು, “ಅಳುವುದಾದರೆ ಅಳು, ಆದರೆ ಅವರಿಬ್ಬರ ಅಂಕಿಗಳನ್ನು ತಪ್ಪಿಲ್ಲದೆ ಬರಿ” ಎಂದರು. ನೀರು ಬಿದ್ದು ಅಲ್ಲಲ್ಲಿ ಅಳಿಸಿದ ಆ ಪುಟ ಈಗಲೂ ನನ್ನ ಬಳಿ ಇದೆ.

ದೊಡ್ಡವನಾದ ಮೇಲೆ ಆ ಸರಣಿಯ ಇನ್ನೊಂದು ಮುಖ ತಿಳಿಯಿತು. ‘ಬ್ರಾಸ್‌ಟ್ಯಾಕ್ಸ್’ ಹೆಸರಿನ ಸೇನಾ ಕವಾಯತಿನಿಂದಾಗಿ ಆ ತಿಂಗಳುಗಳಲ್ಲಿ ಎರಡೂ ದೇಶಗಳ ಸೇನೆಗಳು ಗಡಿಯಲ್ಲಿ ಎದುರುಬದುರಾಗಿದ್ದವು. ಪಾಕಿಸ್ತಾನದ ಅಧ್ಯಕ್ಷ ಜಿಯಾ ಉಲ್ ಹಕ್ ಫೆಬ್ರುವರಿಯಲ್ಲಿ ಜಯಪುರದ ಟೆಸ್ಟ್ ನೋಡುವ ನೆಪದಲ್ಲಿ ಭಾರತಕ್ಕೆ ಬಂದರು. ಅಂದರೆ ನನ್ನ ಬಾಲ್ಯದ ಅತ್ಯಂತ ಶುದ್ಧವಾದ ಕ್ರಿಕೆಟ್ ನೆನಪಿನ ಬೆನ್ನಿಗೇ ರಾಜಕೀಯವಿತ್ತು. ಆದ್ದರಿಂದ “ಮೊದಲು ಆಟ ಆಟವಾಗಿತ್ತು, ಈಗ ರಾಜಕೀಯ ಬಂದು ಕೆಡಿಸಿತು” ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ರಾಜಕೀಯ ಯಾವಾಗಲೂ ಇತ್ತು. ಕೆಟ್ಟದ್ದು ಬೇರೆ ಏನೋ.

ಅದೇನೆಂದು ಯೋಚಿಸುವಾಗಲೆಲ್ಲ ನಾನು 1999ನೇ ಇಸವಿಗೆ ಮರಳುತ್ತೇನೆ. ಆ ವರ್ಷದ ಜನವರಿಯಲ್ಲಿ, ಪಾಕಿಸ್ತಾನ ತಂಡ ಬರಬಾರದೆಂದು ಶಿವಸೇನೆಯ ಕಾರ್ಯಕರ್ತರು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದ ಪಿಚ್ ಅಗೆದುಹಾಕಿದರು. ಮೊದಲ ಟೆಸ್ಟ್ ಚೆನ್ನೈಗೆ ಹೋಯಿತು. ಗೆಲ್ಲಲು 271 ಬೇಕಿದ್ದಾಗ ಸಚಿನ್ ತೆಂಡೂಲ್ಕರ್ ಬೆನ್ನುನೋವಿನಲ್ಲಿಯೇ 136 ಹೊಡೆದು, ಇನ್ನು 17 ರನ್ ಉಳಿದಿರುವಾಗ ಔಟಾದರು. ಉಳಿದವರೂ ಬೆನ್ನಿಗೇ ಔಟಾಗಿ ಭಾರತ ಹನ್ನೆರಡು ರನ್ನಿನಿಂದ ಸೋತಿತು. ಕೆಲವು ಕ್ಷಣ ಕ್ರೀಡಾಂಗಣ ಮೌನವಾಗಿತ್ತು. ಆಮೇಲೆ ಜನರೆಲ್ಲ ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗಾಗಿ ಚಪ್ಪಾಳೆ ತಟ್ಟಿದರು, ಆ ಆಟಗಾರರು ಮೈದಾನದ ಸುತ್ತ ಓಡಿ ಕೈಬೀಸಿದರು. ಟಿವಿಯಲ್ಲಿ ಅದನ್ನು ನೋಡುತ್ತಿದ್ದ ನನಗೆ ಸೋಲಿನ ದುಃಖ ಒಂದಿಷ್ಟೂ ಕಡಿಮೆಯಾಗಲಿಲ್ಲ, ಆದರೆ ಆ ದುಃಖದ ಪಕ್ಕದಲ್ಲಿಯೇ ದೊಡ್ಡದೊಂದು ಸಂತೋಷ ಕೂರಬಲ್ಲದು ಎಂಬುದು ಗೊತ್ತಾಯಿತು. ಮುಂದಿನ ವಾರ, ಅಗೆದಿದ್ದನ್ನು ಸರಿಪಡಿಸಿದ ಅದೇ ಕೋಟ್ಲಾ ಪಿಚ್‌ನಲ್ಲಿ, ನಮ್ಮ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ತೆಗೆದರು.

ಆ ವರ್ಷವನ್ನು ಸುವರ್ಣಯುಗವೆಂದು ವರ್ಣಿಸುವುದು ನನ್ನ ಉದ್ದೇಶವಲ್ಲ. ಅದೇ ಫೆಬ್ರುವರಿಯಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಸಚಿನ್ ರನೌಟಾದಾಗ ಗಲಭೆಯೆದ್ದು, ಪ್ರೇಕ್ಷಕರನ್ನೆಲ್ಲ ಹೊರಗೆ ಕಳುಹಿಸಿ ಖಾಲಿ ಮೈದಾನದಲ್ಲಿ ಆಟ ಮುಗಿಸಬೇಕಾಯಿತು. ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಶುರುವಾಯಿತು. ಯುದ್ಧ ನಡೆಯುತ್ತಿರುವಾಗಲೇ, ಜೂನ್ 8ರಂದು, ಮ್ಯಾಂಚೆಸ್ಟರ್‌ನಲ್ಲಿ ವಿಶ್ವಕಪ್ಪಿನ ಪಂದ್ಯದಲ್ಲಿ ಎರಡೂ ತಂಡಗಳು ಎದುರಾದವು. ದ್ರಾವಿಡ್ 61 ಹೊಡೆದರು, ವೆಂಕಟೇಶ್ ಪ್ರಸಾದ್ 27 ರನ್ನಿಗೆ ಐದು, ಶ್ರೀನಾಥ್ ಮೂರು ವಿಕೆಟ್ ಪಡೆದರು, ಭಾರತ 47 ರನ್ನಿನಿಂದ ಗೆದ್ದಿತು. ಗಡಿಯ ಸುದ್ದಿ ಕೇಳಿ ನಮ್ಮ ಬೀದಿಯವರೆಲ್ಲ ಆತಂಕದಲ್ಲಿದ್ದರು, ಆ ರಾತ್ರಿ ಪ್ರಸಾದ್ ಬೌಲಿಂಗ್ ಕಂಡು ಕುಣಿದರು ಕೂಡ. ಆದರೂ ಸಯೀದ್ ಅನ್ವರ್ ಅವರ ಕವರ್ ಡ್ರೈವ್ ಚೆನ್ನಾಗಿದೆ ಎಂದರೆ ಯಾರೂ ಯಾರನ್ನೂ ದುರುಗುಟ್ಟಿಕೊಂಡು ನೋಡುತ್ತಿರಲಿಲ್ಲ. ನಮ್ಮ ಬೀದಿಯ ಮಟ್ಟಿಗಂತೂ ಇದು ನಿಜ.

2005 ಮತ್ತು 2007ರ ಬೆಂಗಳೂರು ಟೆಸ್ಟ್‌ಗಳನ್ನು ನಾನು ಚಿನ್ನಸ್ವಾಮಿಯ ಗ್ಯಾಲರಿಯಲ್ಲಿಯೇ ಕುಳಿತು ಬರೆದೆ. 2005ರಲ್ಲಿ ಯೂನಿಸ್ ಖಾನ್ 267 ಹೊಡೆದರು, ಇಂಜಮಾಮ್ ತಮ್ಮ ನೂರನೆಯ ಟೆಸ್ಟಿನಲ್ಲಿ 184. ಬಿಸಿಲಿನಲ್ಲಿ ಚುಕ್ಕಿಯಿಟ್ಟು ಅಂಕಿ ಬರೆದು ನನ್ನ ಬೆರಳು ನೋಯುತ್ತಿದ್ದವು. ಹಿಂದಿನ ಸಾಲಿನ ಹಿರಿಯರೊಬ್ಬರು ಯೂನಿಸ್ ದ್ವಿಶತಕಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿ, ನನ್ನ ಪುಸ್ತಕ ಇಣುಕಿ ನೋಡಿ, “ಎಷ್ಟು ಬಾಲ್ ಆಯಿತು ತಮ್ಮಾ?” ಎಂದು ಕೇಳಿದರು. 2007ರ ಡಿಸೆಂಬರ್‌ನಲ್ಲಿ ಗಂಗೂಲಿ 239 ಗಳಿಸಿದ ಪಂದ್ಯ ಡ್ರಾ ಆಯಿತು. ಅದಾದ ಮೇಲೆ ಈ ಎರಡು ದೇಶಗಳ ನಡುವೆ ಒಂದೇ ಒಂದು ಟೆಸ್ಟ್ ನಡೆದಿಲ್ಲ. ಅದೇ ಕೊನೆಯದೆಂದು ಗೊತ್ತಿದ್ದರೆ ಆ ಸಂಜೆ ನಾನು ಅಷ್ಟು ಬೇಗ ಬಸ್ ಹಿಡಿಯುತ್ತಿರಲಿಲ್ಲ.

2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿಯಾಯಿತು. ಮೊದಲ ಐಪಿಎಲ್‌ನಲ್ಲಿ ನಮ್ಮ ಬೆಂಗಳೂರು ತಂಡಕ್ಕೇ ಮಿಸ್ಬಾ ಉಲ್ ಹಕ್ ಆಡಿದ್ದರು, ಆಮೇಲೆ ಪಾಕಿಸ್ತಾನದ ಆಟಗಾರರು ಐಪಿಎಲ್‌ನಲ್ಲಿ ಕಾಣಲಿಲ್ಲ. ಎರಡು ದೇಶಗಳ ಕೊನೆಯ ದ್ವಿಪಕ್ಷೀಯ ಸರಣಿ ಬೆಂಗಳೂರಿನಲ್ಲಿಯೇ, 2012ರ ಡಿಸೆಂಬರ್ 25ರ ಟಿ20 ಪಂದ್ಯದಿಂದ ಆರಂಭವಾಯಿತು. ಜನರನ್ನು ಕಳೆದುಕೊಂಡ ದೇಶ “ನಾವು ಆಡುವುದಿಲ್ಲ” ಎಂದು ನಿರ್ಧರಿಸಿದರೆ, ನನ್ನಂಥ ಆಟದ ಹುಚ್ಚನಿಗೆ ನಷ್ಟವಾದರೂ, ಅದು ನ್ಯಾಯವಾದ ನಿರ್ಧಾರವೇ. ಮನೆಯವರನ್ನು ಕಳೆದುಕೊಂಡವರ ಮುಂದೆ ನನ್ನ ಸ್ಕೋರ್ ಪುಸ್ತಕಕ್ಕೆ ಯಾವ ಬೆಲೆಯೂ ಇಲ್ಲ. ನನ್ನ ಅಸಮಾಧಾನವಿರುವುದು ಆಡದೆ ಇರುವುದರ ಬಗ್ಗೆ ಅಲ್ಲ, ಹೀಗೆ ಅರ್ಧಂಬರ್ಧ ಆಡುವುದರ ಬಗ್ಗೆ. ಸರಣಿ ಬೇಡ ಎನ್ನುತ್ತಾರೆ, ಆದರೆ ಜಾಗತಿಕ ಪಂದ್ಯಾವಳಿಗಳಲ್ಲಿ ಮತ್ತೆ ಮತ್ತೆ ಎರಡೂ ತಂಡಗಳು ಒಂದೇ ಗುಂಪಿನಲ್ಲಿರುತ್ತವೆ, ಆ ಒಂದು ಪಂದ್ಯದ ಜಾಹೀರಾತು ತಿಂಗಳ ಮೊದಲೇ ಯುದ್ಧದ ಭಾಷೆಯಲ್ಲಿ ಶುರುವಾಗುತ್ತದೆ. ಪಹಲ್ಗಾಮ್ ದಾಳಿಯ ನಂತರ, 2025ರ ಸೆಪ್ಟೆಂಬರ್‌ನಲ್ಲಿ ದುಬೈಯಲ್ಲಿ ಏಷ್ಯಾ ಕಪ್ ಆಡಿದಾಗ ಆಟಗಾರರು ಕೈಕುಲುಕಲಿಲ್ಲ, ಫೈನಲ್ ಗೆದ್ದ ನಮ್ಮ ತಂಡ ಕಪ್ಪನ್ನೂ ಸ್ವೀಕರಿಸಲಿಲ್ಲ. ಆ ಆಟಗಾರರ ಮನಸ್ಸಿನಲ್ಲಿದ್ದ ನೋವನ್ನು ನಾನು ಅಳೆಯಲಾರೆ. ಆದರೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಆಡುವುದಾದರೆ ಕೈಕುಲುಕಿ ಆಡಬೇಕು, ಕೈಕುಲುಕಲಾಗದಷ್ಟು ನೋವಿದ್ದರೆ ಆಡಬಾರದು.

ಈಗ ನನ್ನ ಮಟ್ಟಿಗೆ ನಿಜವಾಗಿ ಸವಿ ಕೆಟ್ಟ ದಿನದ ಮಾತು. 2023ರ ನವೆಂಬರ್ 4ರಂದು ವಿಶ್ವಕಪ್ಪಿನ ನ್ಯೂಜಿಲೆಂಡ್–ಪಾಕಿಸ್ತಾನ ಪಂದ್ಯಕ್ಕೆ ಚಿನ್ನಸ್ವಾಮಿಗೆ ಹೋಗಿದ್ದೆ. ಭಾರತ ಆಡುತ್ತಿರಲಿಲ್ಲ. ಬೆಂಗಳೂರು ಮೂಲದ ಮನೆಯ ಹುಡುಗ ರಚಿನ್ ರವೀಂದ್ರ 108 ಹೊಡೆದರು, ನ್ಯೂಜಿಲೆಂಡ್ 401ಕ್ಕೆ ಏರಿತು. ಆಮೇಲೆ ಫಖರ್ ಜಮಾನ್ 81 ಎಸೆತಗಳಲ್ಲಿ ಹನ್ನೊಂದು ಸಿಕ್ಸರ್‌ಗಳೊಡನೆ 126 ಹೊಡೆದು ಔಟಾಗದೆ ಉಳಿದರು, ಮಳೆ ಬಂದು ಆಟ ನಿಂತಾಗ ಗೆಲುವನ್ನು ನಿರ್ಧರಿಸುವ ಡಕ್ವರ್ತ್–ಲೂಯಿಸ್ ಲೆಕ್ಕದಲ್ಲಿ ಪಾಕಿಸ್ತಾನ 21 ರನ್ನಿನಿಂದ ಗೆದ್ದಿತು. ನಾನು ಕಣ್ಣಾರೆ ಕಂಡ ಅತ್ಯುತ್ತಮ ಏಕದಿನ ಇನಿಂಗ್ಸ್‌ಗಳಲ್ಲಿ ಅದೂ ಒಂದು. ಒಂದು ಸಿಕ್ಸರ್‌ಗೆ ಚಪ್ಪಾಳೆ ತಟ್ಟಿದಾಗ ಪಕ್ಕದ ಸೀಟಿನ ಯುವಕ, “ಸಾರ್, ನೀವು ಯಾವ ಕಡೆ?” ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಾನು ಉತ್ತರಿಸದೆ ನಕ್ಕೆ. ಮುಂದಿನ ಸಿಕ್ಸರ್ ಬಂದಾಗ ಚಪ್ಪಾಳೆ ತಟ್ಟುವ ಮೊದಲು ಅಕ್ಕಪಕ್ಕ ನೋಡಿದೆ, ತಟ್ಟಲಿಲ್ಲ. ಪೆನ್ಸಿಲ್ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮನೆಗೆ ಬಂದು ನೋಡಿದರೆ ಸ್ಕೋರ್ ಪುಸ್ತಕದಲ್ಲಿ ಆ ಓವರಿನಿಂದ ಮುಂದಿನ ಮನೆಗಳೆಲ್ಲ (ಚೌಕಗಳೆಲ್ಲ) ಖಾಲಿ. ನಾನು ಆಟ ನೋಡುವುದನ್ನು ಬಿಟ್ಟು ಜನರನ್ನು ನೋಡುತ್ತಿದ್ದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ಖಾಲಿ ಮನೆಗಳಲ್ಲಿದೆ. ಸರ್ಕಾರಗಳು ಏನು ಮಾಡಿದರೂ, ಚೆಂಡು ತಿರುಗಿದ್ದನ್ನು ಕಂಡು ಬಾಯಿಂದ ಹೊರಡುವ “ಆಹಾ” ನನ್ನದಾಗಿಯೇ ಇತ್ತು. ಆ ಉದ್ಗಾರಕ್ಕೂ ನಿಷ್ಠೆಯ ಪ್ರಮಾಣಪತ್ರ ಬೇಕಾದಾಗ ಸವಿ ಹೋಗುತ್ತದೆ. ನನಗೆ ಅದು ಒಂದು ಸಂಜೆಯ ಮುಜುಗರ. ಇಪ್ಪತ್ತು ವರ್ಷ ನನ್ನ ಜೊತೆ ಕ್ರಿಕೆಟ್ ನೋಡಿದ ಮುಸ್ಲಿಂ ಸಹೋದ್ಯೋಗಿಯೊಬ್ಬರಿಗೆ ಅದು ಪ್ರತಿ ಪಂದ್ಯದ ಪರೀಕ್ಷೆ. ಭಾರತ ಗೆದ್ದರೆ ಅವರು ಎಲ್ಲರಿಗಿಂತ ಜೋರಾಗಿ ಕೂಗಬೇಕು, ಸೋತರೆ ಎಲ್ಲರಿಗಿಂತ ಹೆಚ್ಚು ಬೇಸರ ತೋರಿಸಬೇಕು. 2021ರ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ಭಾರತ ಹತ್ತು ವಿಕೆಟ್‌ಗಳಿಂದ ಸೋತಾಗ, ತಂಡಕ್ಕಾಗಿ ವರ್ಷಗಟ್ಟಲೆ ಬೆವರು ಸುರಿಸಿದ ಮಹಮ್ಮದ್ ಶಮಿ ಅವರನ್ನೇ ಜಾಲತಾಣಗಳಲ್ಲಿ ನಿಂದಿಸಿದರು. ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಶಮಿ ಪರ ನಿಂತರು, ಅದಕ್ಕಾಗಿ ಅವರ ಮೇಲಿನ ನನ್ನ ಗೌರವ ಹೆಚ್ಚಿತು. ಆದರೆ ನನ್ನ ಆ ಸಹೋದ್ಯೋಗಿ ಆಮೇಲೆ ಕಚೇರಿಯ ಟಿವಿಯ ಮುಂದೆ ಕೂರುವುದನ್ನೇ ಬಿಟ್ಟರು. ನಿಮ್ಮ ವಾಟ್ಸಾಪ್ ಗುಂಪಿನಲ್ಲಿಯೂ ಹೀಗೆ ಸದ್ದಿಲ್ಲದೆ ಹಿಂದೆ ಸರಿದವರು ಇದ್ದಾರೆಯೇ ಎಂದು ಒಮ್ಮೆ ನೋಡಿ.

ಇದು ಗಡಿಯಾಚೆಯ ತಂಡಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. 2018ರ ಏಪ್ರಿಲ್‌ನಲ್ಲಿ ಕಾವೇರಿ ವಿವಾದದ ಪ್ರತಿಭಟನೆ ಜೋರಾಗಿದ್ದಾಗ ಚೆನ್ನೈಯ ಐಪಿಎಲ್ ಪಂದ್ಯದಲ್ಲಿ ಮೈದಾನಕ್ಕೆ ಚಪ್ಪಲಿ ಎಸೆದರು, ಚೆನ್ನೈ ತಂಡದ ಉಳಿದ ತವರು ಪಂದ್ಯಗಳು ಪುಣೆಗೆ ಹೋದವು. ಹತ್ತೊಂಬತ್ತು ವರ್ಷಗಳ ಹಿಂದೆ ಎದುರಾಳಿಗಾಗಿ ಎದ್ದು ನಿಂತ ಮೈದಾನವೂ ಅದೇ. ಆದ್ದರಿಂದ ಒಂದು ಊರಿನ ಜನ ಒಳ್ಳೆಯವರು, ಇನ್ನೊಂದು ಊರಿನವರು ಕೆಟ್ಟವರು ಎಂದು ಹೇಳಲು ಬರುವುದಿಲ್ಲ.

ನಾನು ಏನು ಮಾಡಿದೆ ಎಂದು ಕೇಳಿದ್ದೀರಿ. ಎರಡು ವರ್ಷ ದೂರವಿದ್ದು ಏನೂ ಸರಿಹೋಗಲಿಲ್ಲ, ಹವ್ಯಾಸ ಮಾತ್ರ ತುಕ್ಕು ಹಿಡಿಯಿತು. ಈಗ ಪಂದ್ಯದ ದಿನ ಬೆಳಿಗ್ಗೆಯೇ ಕುಟುಂಬದ ಗುಂಪನ್ನು ಮ್ಯೂಟ್ ಮಾಡಿ, ಮರುದಿನ ತೆರೆಯುತ್ತೇನೆ. ಟಿವಿಯ ಸದ್ದು ಕಡಿಮೆ ಮಾಡುತ್ತೇನೆ, ಏಕೆಂದರೆ ಕೆರಳಿಸುವ ಮಾತು ಬರುವುದು ಹೆಚ್ಚಾಗಿ ಪಂದ್ಯದ ಮುಂಚಿನ ಚರ್ಚೆಯಲ್ಲಿ, ಆಟದಲ್ಲಿ ಅಲ್ಲ. ಭಾವನವರು ರಾಜಕೀಯ ತೆಗೆದರೆ ವಾದಿಸುವುದಿಲ್ಲ, “ಭಾವ, ಈ ಓವರ್ ಮುಗಿಯಲಿ” ಎನ್ನುತ್ತೇನೆ. ಅವರು ಹಿರಿಯರು, ನನ್ನ ಮಾತಿಗೆ ಬದಲಾಗುವವರಲ್ಲ, ಆದರೆ ಓವರ್ ಮುಗಿಯುವವರೆಗೆ ಸುಮ್ಮನಿರುತ್ತಾರೆ, ಎಷ್ಟೋ ಸಲ ಅಷ್ಟರಲ್ಲಿ ವಿಕೆಟ್ ಬಿದ್ದು ಮಾತು ಆಟಕ್ಕೆ ತಿರುಗುತ್ತದೆ. ರಣಜಿ ಪಂದ್ಯಗಳಿಗೆ ಹೋಗುವುದನ್ನು ಮತ್ತೆ ಶುರು ಮಾಡಿದ್ದೇನೆ. ಅಲ್ಲಿ ಜನ ಕಡಿಮೆ, ಎದುರಾಳಿ ಚೆನ್ನಾಗಿ ಆಡಿದರೆ ಚಪ್ಪಾಳೆ ಈಗಲೂ ಸಹಜವಾಗಿ ಬರುತ್ತದೆ. ನನ್ನ ಸಹೋದ್ಯೋಗಿಯನ್ನೂ ಒಮ್ಮೆ ಕರೆದುಕೊಂಡು ಹೋದೆ. ಊಟದ ವಿರಾಮದವರೆಗೆ ಹೆಚ್ಚು ಮಾತನಾಡಲಿಲ್ಲ, ಆಮೇಲೆ ಎಡಗೈ ಸ್ಪಿನ್ನರ್ ಒಬ್ಬ ಚೆಂಡನ್ನು ಸ್ಲಿಪ್‌ನತ್ತ ತಿರುಗಿಸಿದಾಗ ಇಬ್ಬರೂ ಒಟ್ಟಿಗೆ ಕೂಗಿದೆವು.

ನೀವು ಈವರೆಗೆ ಸ್ಕೋರ್ ಬರೆದಿಲ್ಲವಾದರೆ ಮುಂದಿನ ಪಂದ್ಯಕ್ಕೆ ಬರೆದು ನೋಡಿ. ಸ್ಕೋರ್ ಪುಸ್ತಕ ಕ್ರೀಡಾ ಸಾಮಗ್ರಿಗಳ ಅಂಗಡಿಯಲ್ಲಿ ಸಿಗುತ್ತದೆ, ಸಿಗದಿದ್ದರೆ ಮಕ್ಕಳ ಚೌಕುಳಿ ನೋಟ್‌ಬುಕ್ ಸಾಕು. ಒಂದು ಸಾಲು ಒಬ್ಬ ಬೌಲರ್‌ಗೆ, ಒಂದು ಮನೆ ಒಂದು ಓವರಿಗೆ, ಮನೆಯೊಳಗೆ ಆರು ಗುರುತು. ಪ್ರತಿ ಎಸೆತವನ್ನೂ ನೋಡಲೇಬೇಕಾದ್ದರಿಂದ ಫೋನ್ ಕಡೆ ಕೈ ಹೋಗುವುದಿಲ್ಲ. 2023ರ ಆ ಪುಟದಲ್ಲಿ ಬಿಟ್ಟುಹೋಗಿದ್ದ ಮನೆಗಳನ್ನು ಹೋದ ತಿಂಗಳು ಪಂದ್ಯದ ರೆಕಾರ್ಡಿಂಗ್ ನೋಡುತ್ತಾ ತುಂಬಿಸಿದೆ. ಫಖರ್ ಜಮಾನ್ ಅವರ ಹನ್ನೊಂದೂ ಸಿಕ್ಸರ್‌ಗಳು ಈಗ ಅದರಲ್ಲಿವೆ.