ನಿಮ್ಮೂರಲ್ಲಿ ಸಂತೆ ಯಾವ ವಾರ?

ಪ್ರಶ್ನೆ: ನಾನು ಮೆಡಿಕಲ್ ಪಿಜಿ ವಿದ್ಯಾರ್ಥಿನಿ. ಮಂಡಿನೋವಿನ ಎರಡು ಮಾತ್ರೆಗಳ ಮೇಲೆ ಥೀಸಿಸ್ ಮಾಡುತ್ತಿದ್ದೇನೆ. ಸೋಮವಾರ, ಬುಧವಾರ ಓಪಿಡಿಗೆ ಬಂದವರಿಗೆ ಹಳೇ ಮಾತ್ರೆ. ಮಂಗಳವಾರ, ಗುರುವಾರ ಬಂದವರಿಗೆ ಹೊಸದು. ಒಟ್ಟು 60 ಜನ. ಹೊಸದೇ ಮೇಲು ಅಂತ ಬಂತು, ಪಿ ವ್ಯಾಲ್ಯೂ 0.03. ಆದರೂ ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ 'ಮೊದಲೇ ಬರಬೇಕಿತ್ತಮ್ಮ' ಅಂದರು. ಲೆಕ್ಕ ಸರಿಯಿದ್ದರೆ ಸಾಕಲ್ವಾ ಸರ್?

ಉತ್ತರ: ಲೆಕ್ಕ ಸರಿಯೇ ಇರಬಹುದು. ನಾನು ಕೇಳುವುದು ಬೇರೆ. ನಿಮ್ಮೂರಲ್ಲಿ ಸಂತೆ ಯಾವ ವಾರ?

ಸಂತೆಯ ದಿನ ಆಸ್ಪತ್ರೆಗೆ ಹಳ್ಳಿಯವರು ಜಾಸ್ತಿ. ಸೊಪ್ಪು ಮಾರಿ, ಹಾಗೇ ಡಾಕ್ಟರಿಗೂ ತೋರಿಸಿಕೊಂಡು ಹೋಗುತ್ತಾರೆ. ಉಳಿದ ದಿನ ಪೇಟೆಯವರು. ಗದ್ದೆಯಲ್ಲಿ ಕಳೆ ಕೀಳುವ ಮಂಡಿಯೂ ಕುರ್ಚಿಯಲ್ಲಿ ಕೂರುವ ಮಂಡಿಯೂ ಒಂದೇ ಅಲ್ಲ. ಹಾಗಾದರೆ ನೀವು ಹೋಲಿಸಿದ್ದು ಮಾತ್ರೆಗಳನ್ನೋ, ಜನರನ್ನೋ? ಇನ್ನೊಂದು ತೊಡಕೂ ಇದೆ. ಇವತ್ತು ಯಾವ ಮಾತ್ರೆ ಅನ್ನೋದು ನಿಮಗೆ ಮೊದಲೇ ಗೊತ್ತು. ತುಂಬಾ ನರಳುವ ಅಜ್ಜಿ ಸೋಮವಾರ ಬಂದರೆ 'ನಾಳೆ ಬನ್ನಿ ಅಜ್ಜಿ' ಅನ್ನೋಣ ಅನಿಸುತ್ತದೆ. ಅದು ಕರುಣೆಯೇ, ಮೋಸವಲ್ಲ. ಆದರೆ ಗುಂಪುಗಳು ಕೆಟ್ಟವು.

ಪಿ ವ್ಯಾಲ್ಯೂಗೆ ಇದ್ಯಾವುದೂ ಕಾಣುವುದಿಲ್ಲ. ಎರಡೂ ಮಾತ್ರೆ ಒಂದೇ ಥರ ಕೆಲಸ ಮಾಡುತ್ತಿದ್ದರೂ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ 100ರಲ್ಲಿ 3 ಸಲ ಬರಬಹುದು. 0.03 ಹೇಳುವುದು ಅಷ್ಟೇ.

ಈ ಕಾಟ ಹಳೆಯದು. ಬ್ರಿಟನ್ನಿನ ಬ್ರ್ಯಾಡ್‌ಫರ್ಡ್ ಹಿಲ್ ಸಂಖ್ಯಾಶಾಸ್ತ್ರಜ್ಞರು. ಸ್ವತಃ ಟಿಬಿ ಬಂದು ಮೆಡಿಕಲ್ ಓದುವ ಆಸೆ ಬಿಟ್ಟವರು. ಟಿಬಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡುವಾಗ ಅವರು ಮಾಡಿದ್ದು ಲಕೋಟೆ ಉಪಾಯ. ಯಾರಿಗೆ ಔಷಧ, ಯಾರಿಗೆ ಬರೀ ವಿಶ್ರಾಂತಿ ಅನ್ನೋದನ್ನು ಯಾದೃಚ್ಛಿಕ ಸಂಖ್ಯೆಗಳಿಂದ, ಅಂದರೆ ಲಾಟರಿ ಎತ್ತಿದ ಹಾಗೆ, ಮೊದಲೇ ಆರಿಸಿ, ಲಕೋಟೆಗಳಲ್ಲಿಟ್ಟು ಅಂಟಿಸಿದರು. ರೋಗಿಯನ್ನು ಸೇರಿಸಿಕೊಂಡ ಮೇಲೆಯೇ ಲಕೋಟೆ ತೆರೆಯಬೇಕು. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ ಸತ್ತರು, ವಿಶ್ರಾಂತಿಯ 52ರಲ್ಲಿ 14. ಇದು 1948ರಲ್ಲಿ ಪ್ರಕಟವಾಯಿತು.

ನಮ್ಮ ಪಕ್ಕದ ಮದ್ರಾಸಿನಲ್ಲೇ 1956ರಲ್ಲಿ ಇದೇ ಬಗೆಯ ಇನ್ನೊಂದು ಅಧ್ಯಯನ ಶುರುವಾಯಿತು. ಟಿಬಿ ರೋಗಿಗಳನ್ನು ಹೀಗೇ ಯಾದೃಚ್ಛಿಕವಾಗಿ ಹಂಚಿ, ಕೆಲವರಿಗೆ ಸ್ಯಾನಟೋರಿಯಂ ಅನ್ನೋ ಟಿಬಿ ಆಸ್ಪತ್ರೆಯಲ್ಲಿ, ಕೆಲವರಿಗೆ ಮನೆಯಲ್ಲೇ ಚಿಕಿತ್ಸೆ. ಔಷಧ ಇಬ್ಬರಿಗೂ ಒಂದೇ. ಇಕ್ಕಟ್ಟಿನ ಮನೆ, ಅರೆಹೊಟ್ಟೆ. ಆದರೂ ವರ್ಷದ ಬಳಿಕ ಗುಣವಾಗುವುದರಲ್ಲಿ ಹೆಚ್ಚೇನೂ ಅಂತರ ಇರಲಿಲ್ಲ. ಮನೆಮಂದಿಗೆ ಕಾಯಿಲೆ ಜಾಸ್ತಿಯಾಗಲೂ ಇಲ್ಲ. ಗಟ್ಟಿಮುಟ್ಟಾದವರನ್ನೇ ಆರಿಸಿ ಮನೆಗೆ ಕಳಿಸಿದ್ದರೆ ಯಾರು ನಂಬುತ್ತಿದ್ದರು?

ನಿಮ್ಮ ವಿಷಯಕ್ಕೆ ಬರೋಣ. ಥೀಸಿಸ್ ಬಿಸಾಡಬೇಡಿ. ವಾರದ ಪ್ರಕಾರ ಹಂಚಿದೆ ಅಂತ ನೇರವಾಗಿ ಬರೆಯಿರಿ. 'ರ್ಯಾಂಡಮೈಸ್ಡ್' (ಯಾದೃಚ್ಛಿಕವಾಗಿ ಹಂಚಿದ್ದು) ಅನ್ನೋ ಪದ ಎಲ್ಲಿದ್ದರೂ ತೆಗೆಯಿರಿ. ಎರಡೂ ಗುಂಪಿನ ವಯಸ್ಸು, ಕೆಲಸ, ಮೊದಲ ದಿನದ ನೋವಿನ ಸ್ಕೋರ್ ಅಕ್ಕಪಕ್ಕ ಟೇಬಲ್ ಹಾಕಿ ಮೇಡಂಗೆ ತೋರಿಸಿ. ಒಂದೆರಡು ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಬಹುದು, 60 ಜನರಲ್ಲಿ ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಓಪಿಡಿ ಚೀಟಿಯಲ್ಲಿ ರೋಗಿಯ ಊರಿನ ಹೆಸರು ಇದ್ದರೆ ಅದನ್ನೂ ಸೇರಿಸಿ.