91 ಮಿಕ್ಸ್ ಮಾಡಿ ಎರಡನೆಯದಕ್ಕೇ ವಾಪಸ್

ಸರ್, ನಿಮ್ಮ ಹಾಡಿನ 37ನೇ ಮಿಕ್ಸ್ (ಎಲ್ಲ ಟ್ರ್ಯಾಕ್ ಹದವಾಗಿ ಸೇರಿಸಿದ್ದು) ಇಲ್ಲಿ 'ಫೈನಲ್ 37' ಅಂತ ಹಾಕಿದ್ದೀರಲ್ಲ, ಅದನ್ನೂ ಮೊನ್ನೆ ಹಾಕಿದ್ದ 3ನೇದನ್ನೂ ಒಂದೇ ಲೆವೆಲ್‌ಗೆ ತಂದು ಕೇಳಿ. 37 ಚೆನ್ನಾಗಿದೆ ಅನ್ನಿಸ್ತಿರೋದು ಅದು ಜೋರಾಗಿರೋದಕ್ಕೆ. ಒಂದು ಡಿಬಿ ಹೆಚ್ಚಿದ್ರೂ ಕಿವಿ ಮೋಸಹೋಗುತ್ತೆ. ಲಿಮಿಟರ್ (ಸದ್ದಿನ ಏರು ತಡೆಯೋ ಸಾಫ್ಟ್‌ವೇರ್ ಪ್ಲಗಿನ್) ಮೇಲೆ ಲಿಮಿಟರ್ ಹೇರಿ ಕಿಕ್ ಡ್ರಮ್ ಕೊಂದಿದ್ದೀರಿ, ಈಗ ಬಂದು 'ಇನ್ಯಾವ ಪ್ಲಗಿನ್ ಹಾಕಲಿ' ಅಂತೀರಿ. ಹಾಕಿರೋದನ್ನ ಮೊದಲು ತೆಗೀರಿ.

ಮೈಕಲ್ ಜಾಕ್ಸನ್ ಅವರ 1982ರ ಆಲ್ಬಮ್ 'ಥ್ರಿಲ್ಲರ್'ನಲ್ಲೂ ಇದೇ ಆಯ್ತು. ಅದರ 'ಬಿಲ್ಲಿ ಜೀನ್' ಹಾಡನ್ನು ರೆಕಾರ್ಡಿಂಗ್ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ 91 ಸಲ ಮಿಕ್ಸ್ ಮಾಡಿದರು. ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್ ಎರಡನೆಯದನ್ನ ಮತ್ತೆ ಹಾಕಿಸಿ ಕೇಳಿದರು. ಆಲ್ಬಮ್‌ಗೆ ಹೋದದ್ದು ಅದೇ. ಅದು ಟೇಪಿನಲ್ಲಿ ಉಳಿದಿದ್ದಕ್ಕೆ ಬಚಾವ್. ನೀವು ಒಂದೇ ಪ್ರಾಜೆಕ್ಟ್ ಫೈಲ್ ಮೇಲೆ ಸೇವ್ ಮಾಡ್ತಾ ಹೋದರೆ ಹಿಂದಕ್ಕೆ ಹೋಗೋದು ಹೇಗೆ? ಪ್ರತಿ ಸಲ 'ಸೇವ್ ಆ್ಯಸ್' ಮಾಡಿ, 24 ಬಿಟ್ ವೇವ್ ಕೂಡ ತೆಗೆದಿಡಿ. ಎಂಪಿ3 ಸಾಲದು.

ಇನ್ನೊಂದು ಪಾಠ. ಅದೇ ಆಲ್ಬಮ್ ಎಲ್‌ಪಿಗೆ ಇಳಿಸಿದಾಗ ತಟ್ಟೆಯ ಒಂದೊಂದು ಬದಿಗೂ ಹಾಡು ತುಂಬಿ ಹೋಗಿ, ಗ್ರೂವ್ (ಸೂಜಿ ಓಡೋ ಗೆರೆ) ತೆಳ್ಳಗಾಗಿ, ಸದ್ದು ಪೀಚಾಯ್ತು. ಬೇಸ್, ಟ್ರೆಬಲ್ ಹೊಂದಿಸೋ ಇಕ್ಯೂ ತಿರುವಿ ಸರಿ ಮಾಡಲಿಲ್ಲ. 'ದಿ ಲೇಡಿ ಇನ್ ಮೈ ಲೈಫ್'ನಲ್ಲಿ ಒಂದು ಚರಣವನ್ನೇ ಕತ್ತರಿಸಿದರು, ಮತ್ತೆ ಮಿಕ್ಸ್‌ಗೆ ಕೂತರು. ನಿಮಗೆ ಗ್ರೂವ್ ತೊಂದರೆ ಇಲ್ಲ, ನಿಜ. ಆದ್ರೆ ಬೇಸ್ ಗಿಟಾರ್, ಸಿಂತ್ ಬೇಸ್, ತಬಲಾ ಡಗ್ಗಾ ಮೂರೂ ತಗ್ಗು ಸ್ವರದ ಅದೇ ಜಾಗಕ್ಕೆ ಕಿತ್ತಾಡ್ತಿವೆ. ಚರಣದಲ್ಲಿ ಸಿಂತ್ ಮ್ಯೂಟ್ ಮಾಡಿ ನೋಡಿ, ಇಕ್ಯೂ ಬೇಕೇ ಆಗಲ್ಲ.

ಕೋರಸ್ ತೆಳ್ಳಗಿದೆ ಅಂತ ಅದೇ ಟ್ರ್ಯಾಕ್ ಕಾಪಿ ಮಾಡಿ ಪಕ್ಕಕ್ಕೆ ಇಟ್ಟಿದ್ದೀರಿ, ಅದು ಬರೀ ಜೋರಾಗುತ್ತೆ. ಸ್ವೀಡಿಯನ್ ಮೈಕಲ್ ಜಾಕ್ಸನ್ ಕೈಲಿ ಹಾರ್ಮನಿಯನ್ನ ಮತ್ತೆ ಮತ್ತೆ ಹಾಡಿಸ್ತಿದ್ರು. ಮೊದಲು ಮೈಕ್ ಹತ್ತಿರ, ಆಮೇಲೆ ಹೆಜ್ಜೆ ಹಿಂದೆ ಸರಿಸಿ, ಲೆವೆಲ್ ಸಮ ಆಗೋಷ್ಟು ಗೇನ್ (ಮೈಕಿನ ಸದ್ದು ಹಿಗ್ಗಿಸೋದು) ಏರಿಸಿ ಇನ್ನೊಂದು ಟೇಕ್. ಕೋಣೆಯ ಪ್ರತಿಧ್ವನಿ ಅದರಲ್ಲೇ ಸೇರ್ಕೊಳ್ಳುತ್ತೆ, ರಿವರ್ಬ್ ಕಡಿಮೆ ಸಾಕು. ಬರೀ ಸಿಮೆಂಟ್ ಗೋಡೆಯ ರೂಮಿದ್ರೆ ಮಾತ್ರ ಇದನ್ನ ಮಾಡ್ಬೇಡಿ, ಡಬ್ಬದಲ್ಲಿ ಹಾಡಿದ ಹಾಗಿರುತ್ತೆ. ರಜಾಯಿ ನೇತುಹಾಕಿ ಮೊದಲು.

ಮೈಕ್ ಬದಲಿಸ್ತೀನಿ ಅಂದ್ರಲ್ಲ, ಯಾಕೆ? 'ಬಿಲ್ಲಿ ಜೀನ್' ಹಾಡಿದ್ದು ಶೂರ್ ಎಸ್‌ಎಂ7ನಲ್ಲಿ, ಅದು ಡೈನಾಮಿಕ್ ಮೈಕ್, ಸಣ್ಣ ಸದ್ದನ್ನೂ ಹಿಡಿಯೋ ಕಂಡೆನ್ಸರ್ ಅಲ್ಲ. ಗದ್ದಲದ ರೂಮಿಗೆ ಅಗ್ಗದ ಕಂಡೆನ್ಸರ್‌ಗಿಂತ ಡೈನಾಮಿಕ್ಕೇ ವಾಸಿ ಅಂತ ನನ್ನ ಅಭಿಪ್ರಾಯ. ಆದ್ರೆ ಎಸ್‌ಎಂ7ಗೆ 60 ಡಿಬಿ ಹತ್ತಿರ ಗೇನ್ ಬೇಕು. ಮೈಕನ್ನ ಕಂಪ್ಯೂಟರ್‌ಗೆ ಜೋಡಿಸೋ ಇಂಟರ್‌ಫೇಸ್‌ನಲ್ಲಿ ಅಷ್ಟಿಲ್ಲದಿದ್ರೆ ಹಿಸ್ ಬರುತ್ತೆ, ಆಗ ಇಲ್ಲಿ ಬಂದು ಮೈಕ್ ಬೈಬೇಡಿ.

ಈಗ 3ನೇದನ್ನ ತೆರೆದು, ಮಾಸ್ಟರ್ ಬಸ್ (ಎಲ್ಲ ಟ್ರ್ಯಾಕ್ ಕೊನೆಗೆ ಸೇರೋ ಚಾನೆಲ್) ಮೇಲಿನ ಪ್ಲಗಿನ್ ಖಾಲಿ ಮಾಡಿ, ಮೋನೋದಲ್ಲಿ ಸಣ್ಣ ಸ್ಪೀಕರ್‌ನಲ್ಲಿ ಮೆಲ್ಲಗೆ ಕೇಳಿ. ಹಾಡಿನ ಮಾತು ಕೇಳಿಸದಿದ್ರೆ ಫೇಡರ್ (ಟ್ರ್ಯಾಕಿನ ಸದ್ದು ಏರಿಸೋ-ಇಳಿಸೋ ಹಿಡಿ) ಮುಟ್ಟಿ, ಪ್ಲಗಿನ್ ಅಲ್ಲ.